ಅಸೈನ್‌ಮೆಂಟಿಗೆ ಕಟ್ಟಿದ ಗ್ರಂಥಾಲಯ: ಕಾಸರಗೋಡಿನ ಕಾಲೇಜುಗಳಲ್ಲಿ ಮಾಹಿತಿ ಸಾಕ್ಷರತೆ ಕಲಿಸುವ ಕ್ರಮ

ಪ್ರತಿ ವರ್ಷ ಹೊಸ ಬ್ಯಾಚು ಬಂದ ಮೊದಲ ವಾರದಲ್ಲಿ ಮಕ್ಕಳನ್ನು ಗ್ರಂಥಾಲಯಕ್ಕೆ ಕರೆದೊಯ್ದು ಕಪಾಟು ತೋರಿಸಿ, ಕಾರ್ಡು ಕೊಟ್ಟು, ಹತ್ತು ವೆಬ್‌ಸೈಟುಗಳ ಹೆಸರು ಹೇಳಿ ಕಳಿಸುವುದು ಹೆಚ್ಚಿನ ಕಾಲೇಜುಗಳಲ್ಲಿ ಇದೆ. ಅದರಿಂದ ಮಕ್ಕಳಿಗೆ ಗ್ರಂಥಾಲಯದ ಬಾಗಿಲು ಯಾವ ಕಡೆ ಎಂದು ಗೊತ್ತಾಗುತ್ತದೆ, ಅಷ್ಟೇ. ಬೇಕಾದದ್ದನ್ನು ಹುಡುಕುವುದು, ಸಿಕ್ಕಿದ್ದನ್ನು ತೂಗಿ ನೋಡುವುದು, ಎಲ್ಲಿಂದ ತೆಗೆದೆ ಎಂದು ಸರಿಯಾಗಿ ಬರೆಯುವುದು, ಮಾಹಿತಿ ಸಾಕ್ಷರತೆ ಎನ್ನುವ ಈ ಮೂರನ್ನೂ ಮಕ್ಕಳು ಕಲಿಯುವುದು ಮಾರ್ಕು ಇರುವ ಒಂದು ನಿಜವಾದ ಅಸೈನ್‌ಮೆಂಟಿನ ನಡುವೆಯೇ. ಆ ಅಸೈನ್‌ಮೆಂಟನ್ನು ಪಾಠ ಮಾಡುವವರು ಮತ್ತು ಗ್ರಂಥಪಾಲರು ಒಟ್ಟಿಗೆ ಕೂತು ಮಾಡಬೇಕು. ಹೇಗೆ ಎಂಬುದನ್ನು ಮುಂದೆ ಹಂತಹಂತವಾಗಿ ಕೊಟ್ಟಿದೆ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರೂ ಓಡಾಡುವ ಕಾಸರಗೋಡಿನ ತರಗತಿಗಳನ್ನು ಮನಸ್ಸಿನಲ್ಲಿಟ್ಟು ಬರೆದದ್ದು ಇದು.

ಹಂತ 1: ಸೆಮಿಸ್ಟರಿಗೆ ಮೊದಲು ಅರ್ಧ ಗಂಟೆ

ಗ್ರಂಥಪಾಲರು ವಿಭಾಗಕ್ಕೆ ಹೋಗಿ 'ನಿಮ್ಮ ಮಕ್ಕಳಿಗೆ ನಾನು ಒಂದು ಕ್ಲಾಸು ತೆಗೆದುಕೊಳ್ಳಲೇ' ಎಂದು ಕೇಳಿದರೆ ಸಾಮಾನ್ಯವಾಗಿ 'ಆಗಬಹುದು ಸರ್, ನೋಡುವ' ಎಂಬ ಉತ್ತರ ಬರುತ್ತದೆ, ಆಮೇಲೆ ಏನೂ ನಡೆಯುವುದಿಲ್ಲ. ಬರಿಗೈಯಲ್ಲಿ ಹೋಗಬೇಡಿ. ಅದೇ ವಿಭಾಗದ ಹಿಂದಿನ ವರ್ಷದ ಹತ್ತು ಪ್ರಾಜೆಕ್ಟ್ ವರದಿಗಳನ್ನು ತೆಗೆದುಕೊಳ್ಳಿ. ಕೊನೆಯ ಪುಟದ ಆಕರಗಳನ್ನು ಪುಸ್ತಕ, ಸಂಶೋಧನಾ ಲೇಖನ, ಸರಕಾರಿ ದಾಖಲೆ, ಪತ್ರಿಕೆ, ವೆಬ್‌ಸೈಟು ಎಂದು ಐದು ಗುಂಪು ಮಾಡಿ ಎಣಿಸಿ. ಬರಿಯ ವೆಬ್ ವಿಳಾಸ ಎಷ್ಟು, ಪುಟಸಂಖ್ಯೆ ಇಲ್ಲದವು ಎಷ್ಟು ಎಂದೂ ಗುರುತು ಹಾಕಿ. ಒಂದು ಹಾಳೆಯಲ್ಲಿ ಈ ಲೆಕ್ಕ ಇಟ್ಟುಕೊಂಡು ಹೋದರೆ ಮಾತು ಬೇರೆಯೇ ರೀತಿ ಸಾಗುತ್ತದೆ. ಮಕ್ಕಳ ಹೆಸರು ಮಾತ್ರ ಆ ಹಾಳೆಯಲ್ಲಿ ಇರಬಾರದು.

ಮೊದಲ ಸಲ ಒಂದು ಕೋರ್ಸು, ಒಂದು ಅಸೈನ್‌ಮೆಂಟು ಸಾಕು. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಪದವಿ ಬಂದ ಮೇಲೆ ಕೋರ್ಸುಗಳ ಸಂಖ್ಯೆ ಹೆಚ್ಚಿ ಎಲ್ಲರ ಮೇಲೂ ಕೆಲಸ ಬಿದ್ದಿದೆ. ಇಡೀ ವಿಭಾಗಕ್ಕೆ ಒಮ್ಮೆಲೇ ಯೋಜನೆ ಹಾಕಿದರೆ ಓಣಂ ರಜೆಯ ಹೊತ್ತಿಗೆ ಅದು ನಿಂತುಹೋಗುತ್ತದೆ. ಮಾತುಕತೆ ಮುಗಿಯುವಾಗ ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದು ಇಬ್ಬರೂ ಇಟ್ಟುಕೊಳ್ಳಿ: ಅಸೈನ್‌ಮೆಂಟಿನ ಪ್ರಶ್ನೆ, ಬೇಕಾದ ಆಕರಗಳ ಸಂಖ್ಯೆ ಮತ್ತು ಬಗೆ, ಗ್ರಂಥಾಲಯದ ಅವಧಿಗಳ ದಿನಾಂಕ, ಯಾವ ಕೆಲಸಕ್ಕೆ ಎಷ್ಟು ಮಾರ್ಕು. ಮಾರ್ಕಿನ ವಿಷಯವನ್ನು ಸಂಕೋಚದಿಂದ ಬಿಟ್ಟರೆ ಉಳಿದ ಮೂರೂ ವ್ಯರ್ಥ.

ಹಂತ 2: ಹುಡುಕದೆ ಉತ್ತರ ಸಿಗದಂತಹ ಪ್ರಶ್ನೆ

'ಕಾಸರಗೋಡಿನ ಇತಿಹಾಸ' ಎಂಬ ವಿಷಯ ಕೊಟ್ಟರೆ ಮೊದಲು ಸಿಗುವ ಪುಟದಿಂದಲೇ ಹತ್ತು ಪುಟ ತುಂಬುತ್ತದೆ. ಅದು ಮಕ್ಕಳ ತಪ್ಪಲ್ಲ, ಪ್ರಶ್ನೆಯ ತಪ್ಪು. ಅದನ್ನೇ ಹೀಗೆ ಕೇಳಿ: ಮಹಾಜನ ಆಯೋಗದ 1967ರ ವರದಿ ಚಂದ್ರಗಿರಿ ಹೊಳೆಯ ಉತ್ತರದ ಪ್ರದೇಶವನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಲು ಕೊಟ್ಟ ಕಾರಣಗಳು ಯಾವುವು? ಅವುಗಳಲ್ಲಿ ಯಾವುದನ್ನು ಜನಗಣತಿಯ ಭಾಷಾ ಅಂಕಿಗಳಿಂದ ಪರೀಕ್ಷಿಸಬಹುದು? ಈಗ ವರದಿಯನ್ನೂ ನೋಡಬೇಕು, ಜನಗಣತಿಯನ್ನೂ ತೆರೆಯಬೇಕು. ಎರಡನ್ನೂ ಹೋಲಿಸದೆ ಬರೆಯಲಾಗುವುದಿಲ್ಲ.

ಪ್ರಶ್ನೆ ಸಿದ್ಧವಾದ ಮೇಲೆ ಗ್ರಂಥಪಾಲರು ತಾವೇ ಒಮ್ಮೆ ಮಾಡಿ ನೋಡಬೇಕು. ನಿಮ್ಮ ಕಾಲೇಜಿನಲ್ಲಿ ಸಿಗುವ ಪುಸ್ತಕ ಮತ್ತು ನೆಟ್ಟಿನಿಂದ ಅರ್ಧ ಗಂಟೆಯಲ್ಲಿ ಕನಿಷ್ಠ ಐದು ಒಳ್ಳೆಯ ಆಕರ ಸಿಗದಿದ್ದರೆ ಪ್ರಶ್ನೆ ಬದಲಿಸಿ. ಐವತ್ತು ಸಿಕ್ಕರೂ ಬದಲಿಸಿ, ಅದು ತೀರಾ ಅಗಲವಾಯಿತು ಎಂದರ್ಥ. ಬೇಡಿಕೆಯನ್ನು 'ಕನಿಷ್ಠ ಹತ್ತು ಆಕರ' ಎಂದು ಬರೆಯಬೇಡಿ, ಹತ್ತು ತುಂಬಿಸಲು ಮಕ್ಕಳು ಓದದ್ದನ್ನೂ ಸೇರಿಸುತ್ತಾರೆ. 'ಒಂದು ಮೂಲ ದಾಖಲೆ, ಎರಡು ಪುಸ್ತಕ ಅಥವಾ ಪ್ರಬಂಧ, ಒಂದು ಪತ್ರಿಕಾ ವರದಿ, ಮಲಯಾಳದಲ್ಲಿ ಒಂದು' ಎಂದು ಬಗೆ ಹೇಳಿದರೆ ಐದೇ ಇದ್ದರೂ ಸಾಕು.

ಹಂತ 3: ಐದು ಪ್ರಶ್ನೆಯ ಚೀಟಿ

ಮೊದಲ ಗ್ರಂಥಾಲಯ ಅವಧಿಗೆ ಒಂದು ವಾರ ಮೊದಲು, ತರಗತಿಯಲ್ಲೇ ಹತ್ತು ನಿಮಿಷ. ಪುಸ್ತಕದ ಬೆನ್ನಿನ 894.814 ಎಂಬ ಸಂಖ್ಯೆ ಏನು ಹೇಳುತ್ತದೆ (ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯ), ಪಿಎಚ್‌ಡಿ ಪ್ರಬಂಧ ಎಲ್ಲಿ ಹುಡುಕುತ್ತೀರಿ, ಕೊಟ್ಟ ಎರಡು ಆಕರಗಳಲ್ಲಿ ಯಾವುದನ್ನು ನಂಬುತ್ತೀರಿ, ಏಕೆ, ಹೀಗೆ. ಮಾರ್ಕು ಬೇಡ, ಹೆಸರೂ ಬೇಡ. ಮುಂದಿನ ಅವಧಿಯಲ್ಲಿ ಏನನ್ನು ಬಿಡಬಹುದು ಎಂದು ತಿಳಿಯುವುದಕ್ಕಷ್ಟೇ ಇದು. ಗೊತ್ತಿರುವುದನ್ನು ಮತ್ತೆ ಹೇಳಿದರೆ ಹಿಂದಿನ ಬೆಂಚು ಮೊದಲ ಐದು ನಿಮಿಷದಲ್ಲೇ ಕೈ ತಪ್ಪುತ್ತದೆ.

ಹಂತ 4: ಮೊದಲ ಅವಧಿ, ಪದಪಟ್ಟಿ

ಇದು ಇಡೀ ಕೆಲಸದ ಬೆನ್ನೆಲುಬು. ಬೇರೆ ಊರಿನ ಮಾದರಿಗಳನ್ನು ಹಾಗೇ ತಂದರೆ ಇಲ್ಲಿ ಕೆಲಸ ಮಾಡದಿರುವುದೂ ಇದೇ ಕಾರಣಕ್ಕೆ. ಅಮೆರಿಕದ ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಸಂಘ 2016ರಲ್ಲಿ ಒಪ್ಪಿದ ಚೌಕಟ್ಟಿನಲ್ಲಿ ಆರು ಪರಿಕಲ್ಪನೆಗಳಿವೆ. ಹುಡುಕಾಟ ಎಂದರೆ ದಾರಿ ಬದಲಿಸುತ್ತ ಸಾಗುವ ಶೋಧ ಎಂಬುದು ಅವುಗಳಲ್ಲಿ ಒಂದು. ತತ್ವ ಸರಿಯೇ. ಆದರೆ ಒಂದೇ ಊರಿಗೆ ಮೂರು ಭಾಷೆಯಲ್ಲಿ ಏಳು ಬಗೆಯ ಬರವಣಿಗೆ ಇರುವಲ್ಲಿ ದಾರಿ ಬದಲಿಸುವುದು ಹೇಗೆ ಎಂದು ಅದು ಹೇಳುವುದಿಲ್ಲ.

ಪ್ರತಿ ವಿದ್ಯಾರ್ಥಿಯೂ ಒಂದು ಹಾಳೆಯಲ್ಲಿ ನಾಲ್ಕು ಕಾಲಂ ಎಳೆಯಲಿ: ಕನ್ನಡ ಅಥವಾ ತುಳು, ಮಲಯಾಳ, ಇಂಗ್ಲಿಷ್, ಹಳೆಯ ಅಥವಾ ಶಾಸ್ತ್ರೀಯ ಹೆಸರು. ತರಗತಿಯಲ್ಲಿ ಒಟ್ಟಿಗೆ ತುಂಬಿಸಲು ಅಡಿಕೆಯ ಕೊಳೆರೋಗ ಒಳ್ಳೆಯ ಉದಾಹರಣೆ. ಕನ್ನಡದಲ್ಲಿ ಕೊಳೆರೋಗ, ಮಲಯಾಳದಲ್ಲಿ ಮಹಾಳಿ, ಇಂಗ್ಲಿಷ್ ಪ್ರಬಂಧಗಳಲ್ಲಿ ಫ್ರೂಟ್ ರಾಟ್. ಜೊತೆಗೆ ಕೊಳೆರೋಗ ಮತ್ತು ಮಹಾಳಿ ಎರಡೂ ಇಂಗ್ಲಿಷ್ ಲಿಪಿಯಲ್ಲೇ ಬಳಕೆಯಲ್ಲಿವೆ. ಶಾಸ್ತ್ರೀಯವಾಗಿ ಹಳೆಯ ಬರಹಗಳಲ್ಲಿ ಫೈಟೊಫ್ತೊರಾ ಅರೆಕೆ, ಈಗಿನವುಗಳಲ್ಲಿ ಫೈಟೊಫ್ತೊರಾ ಮೀಡಿಐ. ಅಡಿಕೆಯನ್ನೇ ಇಂಗ್ಲಿಷಿನಲ್ಲಿ ಒಂದು ಪದವಾಗಿ ಬರೆಯುವವರಿದ್ದಾರೆ, ಎರಡಾಗಿ ಬಿಡಿಸುವವರಿದ್ದಾರೆ, ಹಳಬರು ಬೀಟಲ್‌ನಟ್ ಎಂದರು. ಒಂದನ್ನೇ ಟೈಪು ಮಾಡಿದವರಿಗೆ, ಕಾಸರಗೋಡಿನಲ್ಲೇ ಇರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಕಟಣೆಗಳು ಕೂಡ ಅರ್ಧ ಮಾತ್ರ ಕಾಣುತ್ತವೆ.

ಮಾನವಿಕ ವಿಷಯದವರಿಗೆ ಊರಿನ ಹೆಸರುಗಳೇ ಸಾಕಷ್ಟು ತೊಡಕು ಕೊಡುತ್ತವೆ. ಕಾಸರಗೋಡು ಎಂಬುದನ್ನು ಇಂಗ್ಲಿಷಿನಲ್ಲಿ 'ರ'ದ ನಂತರ 'ಎ' ಹಾಕಿಯೂ ಬರೆಯುತ್ತಾರೆ, ಬಿಟ್ಟೂ ಬರೆಯುತ್ತಾರೆ. ಮಂಜೇಶ್ವರಕ್ಕೆ ಕೊನೆಯಲ್ಲಿ 'ಎಂ' ಸೇರಿಸಿದ ರೂಪವೂ ಇದೆ. ಕನ್ನಡದವರ ಹೊಸದುರ್ಗವೇ ಮಲಯಾಳದ ಕಾಞಂಗಾಡು. ಬರಿಯ ಹೊಸದುರ್ಗ ಎಂದು ಹುಡುಕಿದರೆ ಚಿತ್ರದುರ್ಗ ಜಿಲ್ಲೆಯ ತಾಲೂಕು ಬಂದು ಕೂರುತ್ತದೆ. ಮೊಗ್ರಾಲ್ ಪುತ್ತೂರಿನ ಬಗ್ಗೆ ಬರೆಯುವವರು ದಕ್ಷಿಣ ಕನ್ನಡದ ಪುತ್ತೂರಿನ ಅಂಕಿ ತಂದಿಡುವುದು ಹೀಗೇ. ಚಂದ್ರಗಿರಿಯನ್ನು ಮೇಲಿನ ಭಾಗದಲ್ಲಿ ಪಯಸ್ವಿನಿ ಎನ್ನುತ್ತಾರೆ ಎಂಬುದೂ ಪಟ್ಟಿಯಲ್ಲಿರಲಿ.

ಆಡಳಿತದ ಹೆಸರು ಬದಲಾದದ್ದನ್ನು ಬೋರ್ಡಿನ ಮೇಲೆ ಬರೆದು ಅವಧಿ ಮುಗಿಯುವವರೆಗೆ ಒರೆಸದೆ ಬಿಡಿ. 1956ರ ನವೆಂಬರ್ 1ರ ತನಕ ಕಾಸರಗೋಡು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. ಆಗಿನ ದಾಖಲೆಗಳಲ್ಲಿ ಸೌತ್ ಕೆನರಾ ಎಂದು ಹುಡುಕಬೇಕು. 1894-95ರಲ್ಲಿ ಎರಡು ಸಂಪುಟಗಳಾಗಿ ಬಂದ ಸೌತ್ ಕೆನರಾ ಜಿಲ್ಲಾ ಮ್ಯಾನ್ಯುಯಲ್‌ನಲ್ಲಿ ಕಾಸರಗೋಡು ಇರುವುದು ಹಾಗೆಯೇ. ಕೇರಳಕ್ಕೆ ಸೇರಿದ ಮೇಲೆ ಎರಡು ತಿಂಗಳು ಮಲಬಾರ್ ಜಿಲ್ಲೆ, 1957ರ ಜನವರಿ 1ರಿಂದ ಕಣ್ಣೂರು ಜಿಲ್ಲೆ, ಅಂದರೆ ಆಗಿನ ಇಂಗ್ಲಿಷ್ ಬರವಣಿಗೆಯಲ್ಲಿ ಕ್ಯಾನನೂರ್. ಸ್ವತಂತ್ರ ಜಿಲ್ಲೆಯಾದದ್ದು 1984ರ ಮೇ 24ರಂದು. ಆದ್ದರಿಂದ 1961, 1971, 1981ರ ಜನಗಣತಿಯಲ್ಲಿ ಕಾಸರಗೋಡು ಜಿಲ್ಲೆ ಎಂಬ ಶೀರ್ಷಿಕೆಯೇ ಇಲ್ಲ. ಕ್ಯಾನನೂರ್ ಜಿಲ್ಲೆಯ ಕೈಪಿಡಿ ತೆರೆದು ತಾಲೂಕಿನ ಸಾಲಿಗೆ ಇಳಿಯಬೇಕು. ಇದು ತಿಳಿಯದ ವಿದ್ಯಾರ್ಥಿ 'ಮಾಹಿತಿ ಲಭ್ಯವಿಲ್ಲ' ಎಂದು ಬರೆದುಬಿಡುತ್ತಾನೆ.

ಒಂದು ಗಂಟೆಯ ಅವಧಿಯನ್ನು ಹೀಗೆ ಹಂಚಿ: ಕೂತು ಹಾಜರಿ ಮುಗಿಯಲು 5 ನಿಮಿಷ, ಮಾದರಿ ಪಟ್ಟಿ ಒಟ್ಟಿಗೆ ತುಂಬಲು 15, ತಮ್ಮ ವಿಷಯದ ಪಟ್ಟಿ ಮಾಡಲು 30, ಇಬ್ಬರು ಮೂವರು ಓದಿ ಹೇಳಲು 10. ಮಲಯಾಳ ಮಾತಾಡಲು ಬಂದರೂ ಓದಲು ಬಾರದವರು, ಕನ್ನಡಕ್ಕೂ ಹಾಗೇ ಇರುವವರು ಒಂದೇ ತರಗತಿಯಲ್ಲಿ ಇರುತ್ತಾರೆ. ಜೋಡಿ ಮಾಡುವಾಗ ಒಬ್ಬರಿಗೆ ಕನ್ನಡ ಲಿಪಿ, ಇನ್ನೊಬ್ಬರಿಗೆ ಮಲಯಾಳ ಲಿಪಿ ಬರುವಂತೆ ನೋಡಿ. ಈ ಜೋಡಿ ಸೆಮಿಸ್ಟರಿನ ಕೊನೆಯವರೆಗೆ ಬದಲಾಗದಿರಲಿ.

ಹಂತ 5: ಎರಡನೇ ಅವಧಿ, ಎಲ್ಲಿ ಹುಡುಕುವುದು

ಪದಪಟ್ಟಿ ಮುಗಿದು ಒಂದು ವಾರದೊಳಗೆ ಇದು ನಡೆಯಬೇಕು. ಅರುವತ್ತು ಮಕ್ಕಳಿಗೆ ಇಪ್ಪತ್ತು ಕಂಪ್ಯೂಟರ್ ಇದ್ದರೆ ಎರಡು ತಂಡ ಮಾಡಿ, ಒಂದು ಕಂಪ್ಯೂಟರಿಗೆ ಒಂದು ಜೋಡಿಯಂತೆ ಕೂರಿಸಿ. ತೋರಿಸುವ ಜಾಗ ಮೂರಕ್ಕಿಂತ ಹೆಚ್ಚಾಗಬಾರದು. ಇಪ್ಪತ್ತು ಡೇಟಾಬೇಸ್ ತೋರಿಸುವ ಆಸೆ ಗ್ರಂಥಪಾಲರಿಗೆ ಸಹಜ. ಮಕ್ಕಳಿಗೆ ಒಂದೂ ನೆನಪುಳಿಯುವುದಿಲ್ಲ.

ಕನ್ನಡ ಬಿಎ, ಎಂಎಯವರಿಗೆ ಕಾಲೇಜಿನ ಒಪ್ಯಾಕ್ (ಗ್ರಂಥಾಲಯದ ಆನ್‌ಲೈನ್ ಪುಸ್ತಕಪಟ್ಟಿ), ಶೋಧಗಂಗಾ (ಪಿಎಚ್‌ಡಿ ಪ್ರಬಂಧಗಳ ಭಂಡಾರ), ಇಂಟರ್‌ನೆಟ್ ಆರ್ಕೈವ್ (ಹಳೆಯ ಪುಸ್ತಕಗಳ ಸ್ಕ್ಯಾನ್ ಸಿಗುವ ತಾಣ) ಈ ಮೂರು. ವಿಜ್ಞಾನದವರಿಗೆ ಒಪ್ಯಾಕ್, ಗೂಗಲ್ ಸ್ಕಾಲರ್, ಕಾಲೇಜಿಗಿರುವ ಚಂದಾ ಸಂಪನ್ಮೂಲ. ಸರಕಾರಿ ಸಂಸ್ಥೆಗಳಿಗೆ 2025ರ ಜನವರಿಯಿಂದ ಸಂಶೋಧನಾ ಪತ್ರಿಕೆಗಳನ್ನು ಒದಗಿಸುವ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯಿದೆ. ಅನುದಾನಿತ ಕಾಲೇಜುಗಳು ಇನ್‌ಫ್ಲಿಬ್‌ನೆಟ್ ಕೇಂದ್ರವು ಕಾಲೇಜುಗಳಿಗೆ ಇ-ಪತ್ರಿಕೆ, ಇ-ಪುಸ್ತಕ ಒದಗಿಸುವ ಎನ್-ಲಿಸ್ಟ್ ಮೂಲಕ ಹೋಗಬಹುದು. ಎನ್-ಲಿಸ್ಟ್‌ಗೆ ಪ್ರತಿಯೊಬ್ಬರಿಗೂ ಬೇರೆ ಲಾಗಿನ್ ಬೇಕು. ಅದನ್ನು ಒಂದು ವಾರ ಮೊದಲೇ ಮಾಡಿಸಿ, ಮಕ್ಕಳು ಮನೆಯಲ್ಲೇ ಒಮ್ಮೆ ತೆರೆದು ಬಂದಿರಬೇಕು. ಅವಧಿಯ ಒಳಗೆ ಪಾಸ್‌ವರ್ಡ್ ಹಂಚಲು ಹೊರಟರೆ ಗಂಟೆ ಅಲ್ಲಿಗೇ ಮುಗಿಯಿತು.

ಕನ್ನಡದ ಹುಡುಕಾಟದಲ್ಲಿ ಫಲಿತಾಂಶ ಸೊನ್ನೆ ಬರುವುದಕ್ಕೆ ನಿಶ್ಚಿತ ಕಾರಣಗಳಿವೆ, ಅವನ್ನು ಮೊದಲೇ ಹೇಳಿಬಿಡಿ. ಶೋಧಗಂಗಾದಲ್ಲಿ ಎಷ್ಟೋ ಕನ್ನಡ ಪ್ರಬಂಧಗಳು ಅಧ್ಯಾಯವಾರು ಸ್ಕ್ಯಾನ್ ಚಿತ್ರಗಳು. ಒಳಗಿನ ಪದ ಹುಡುಕಾಟಕ್ಕೆ ಸಿಗುವುದಿಲ್ಲ, ಶೀರ್ಷಿಕೆ, ಸಂಶೋಧಕರ ಹೆಸರು, ವಿಶ್ವವಿದ್ಯಾಲಯ ಇವಿಷ್ಟರಿಂದಲೇ ಹೋಗಬೇಕು. ಶೀರ್ಷಿಕೆ ಕನ್ನಡ ಲಿಪಿಯಲ್ಲೂ ಇರಬಹುದು, ಇಂಗ್ಲಿಷ್ ಲಿಪಿಯ ಕನ್ನಡದಲ್ಲೂ ಇರಬಹುದು, ಎರಡನ್ನೂ ಹಾಕಿ ನೋಡಬೇಕು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಿಂದ ಇಂಟರ್‌ನೆಟ್ ಆರ್ಕೈವ್‌ಗೆ ಬಂದ ಹಳೆಯ ಕನ್ನಡ ಪುಸ್ತಕಗಳ ಹೆಸರುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಮನಸ್ಸಿಗೆ ಬಂದಂತೆ ಬರೆದಿದ್ದಾರೆ. ದೀರ್ಘಾಕ್ಷರಕ್ಕೆ ಒಂದು 'ಎ' ಹಾಕಿ, ಎರಡು ಹಾಕಿ, 'ವಿ' ಬದಲು 'ಡಬ್ಲ್ಯು' ಹಾಕಿ ಪ್ರಯತ್ನಿಸಬೇಕು. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಮಾಡಿದ ಪಿಡಿಎಫ್‌ಗಳು ಕಣ್ಣಿಗೆ ಕನ್ನಡವೇ, ಆದರೆ ಪ್ರತಿ ಮಾಡಿ ಅಂಟಿಸಿದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು. ಅವು ಯುನಿಕೋಡ್ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಸ್ಕ್ಯಾನ್ ಪುಟವನ್ನು ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ಸುಮಾರಾಗಿ ಬರುತ್ತದೆ. ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಬೇಕು.

ನೆಟ್ಟಿನ ಹೊರಗೂ ಒಂದು ದಾರಿ ಇದೆ. ಕೇರಳ ಲೈಬ್ರರಿ ಕೌನ್ಸಿಲಿಗೆ ಸೇರಿದ ಊರ ಗ್ರಂಥಾಲಯಗಳಲ್ಲಿ, ಗಡಿ ಪಂಚಾಯತುಗಳ ಕಡೆ, ಬೇರೆಲ್ಲೂ ಕೈಗೆ ಸಿಗದ ಸ್ಥಳೀಯ ಸ್ಮರಣ ಸಂಚಿಕೆಗಳು ಇರುವುದುಂಟು. ಶತಮಾನೋತ್ಸವದ, ಬ್ರಹ್ಮಕಲಶದ ಸಂಚಿಕೆಗಳನ್ನು ಹಗುರವಾಗಿ ಕಾಣಬೇಡಿ, ಊರ ಶಾಲೆ ಮತ್ತು ಯಕ್ಷಗಾನ ಸಂಘಗಳ ದಾಖಲೆ ಹೆಚ್ಚಿನದು ಅಲ್ಲಿಯೇ ಇದೆ.

ಈ ಅವಧಿಯಿಂದ ಪ್ರತಿಯೊಬ್ಬರೂ ಹುಡುಕಾಟದ ದಿನಚರಿ ಬರೆಯಬೇಕು. ಐದು ಕಾಲಂ: ದಿನಾಂಕ, ಎಲ್ಲಿ, ಏನು ಟೈಪು ಮಾಡಿದೆ, ಎಷ್ಟು ಬಂತು, ಆಮೇಲೆ ಏನು ಬದಲಿಸಿದೆ. ಕೊನೆಯ ಕಾಲಂ ಖಾಲಿ ಇದ್ದರೆ ಮಾರ್ಕಿಲ್ಲ ಎಂದು ಮೊದಲೇ ಹೇಳಿ. ಸೊನ್ನೆ ಬಂದ ಹುಡುಕಾಟಕ್ಕೂ ಮಾರ್ಕಿದೆ ಎಂದು ಅದಕ್ಕಿಂತ ಗಟ್ಟಿಯಾಗಿ ಹೇಳಿ. ಇಲ್ಲವಾದರೆ ಸಲ್ಲಿಕೆಯ ಹಿಂದಿನ ರಾತ್ರಿ ಕೂತು ಸುಂದರವಾದ ಸುಳ್ಳು ದಿನಚರಿ ಬರೆಯುತ್ತಾರೆ.

ಹಂತ 6: ಮೂರನೇ ಅವಧಿ, ತೂಗಿ ನೋಡುವುದು

ಇಲ್ಲಿ ಮುಂದಾಳು ಪಾಠ ಮಾಡುವವರೇ. ಗ್ರಂಥಪಾಲರು ದಾಖಲೆಗಳನ್ನು ಆರಿಸಿ ಕೊಡಲಿ. 'ಡಾಟ್ ಜಿಒವಿ ಇದ್ದರೆ ನಂಬಿ, ಡಾಟ್ ಕಾಮ್ ಇದ್ದರೆ ನಂಬಬೇಡಿ' ಎಂಬಂತಹ ಚೆಕ್‌ಲಿಸ್ಟ್ ಕೊಡಬೇಡಿ. ಸರಕಾರಿ ವರದಿಗಳೇ ಪರಸ್ಪರ ಒಪ್ಪದ ವಿಷಯ ಈ ಜಿಲ್ಲೆಯಲ್ಲಿಯೇ ಇದೆ.

ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ ಎಂಡೋಸಲ್ಫಾನ್‌ ಬಗ್ಗೆ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಪಡ್ರೆ ಗ್ರಾಮದಲ್ಲಿ ಅಧ್ಯಯನ ನಡೆಸಿ ಆರೋಗ್ಯದ ತೊಂದರೆಗೂ ಕೀಟನಾಶಕಕ್ಕೂ ನಂಟಿದೆ ಎಂದಿತು. ಆಮೇಲೆ ಕೇಂದ್ರ ನೇಮಿಸಿದ ದುಬೆ ಸಮಿತಿ ಅದನ್ನು ಒಪ್ಪಲಿಲ್ಲ. 2011ರ ಏಪ್ರಿಲಿನಲ್ಲಿ ಬೇಗ ಕರಗದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ದೇಶದಲ್ಲಿ ತಡೆ ಹಾಕಿತು. ಈ ವಿಷಯದ ನಾಲ್ಕು ಕಾಗದ ಕೊಡಿ: ಒಂದು ಸಮಿತಿ ವರದಿಯ ಎರಡು ಪುಟ, ಒಂದು ಸಂಶೋಧನಾ ಲೇಖನದ ಸಾರಾಂಶ, ಒಂದು ಪತ್ರಿಕಾ ವರದಿ, ಒಂದು ವಾಟ್ಸಾಪ್ ಫಾರ್ವರ್ಡ್. ಪ್ರತಿಯೊಂದಕ್ಕೂ ನಾಲ್ಕು ಪ್ರಶ್ನೆ: ಯಾರು ಮಾಡಿಸಿದ್ದು? ಎಷ್ಟು ಜನರನ್ನು, ಯಾವಾಗ ಪರೀಕ್ಷಿಸಿದ್ದು? ಹೋಲಿಸಲು ಬೇರೆ ಊರು ಇತ್ತೇ? ಇದನ್ನು ಆಮೇಲೆ ಯಾರು ಒಪ್ಪಿದರು, ಯಾರು ಪ್ರಶ್ನಿಸಿದರು? ಕೊನೆಯ ಪ್ರಶ್ನೆಗೆ ಆ ಕಾಗದದೊಳಗೆ ಉತ್ತರ ಇರುವುದಿಲ್ಲ, ಹೊರಗೆ ಹೋಗಿ ನೋಡಲೇಬೇಕು. ಒಂದು ಎಚ್ಚರ: ಸಂತ್ರಸ್ತ ಮನೆಯ ಮಕ್ಕಳು ತರಗತಿಯಲ್ಲಿರಬಹುದು. ಮೊದಲೇ ವಿಚಾರಿಸಿ, ಬೇಕಿದ್ದರೆ ವಿಷಯವನ್ನೇ ಬದಲಿಸಿ.

ಎಐ ಚಾಟ್‌ಬಾಟುಗಳ ಮಾತೂ ಇಲ್ಲಿಯೇ ಬರಲಿ. ನಿಷೇಧಿಸಿದರೆ ಕದ್ದು ಬಳಸುತ್ತಾರೆ. ಅದರ ಬದಲು ಚಾಟ್‌ಬಾಟಿನಿಂದ ತಮ್ಮ ವಿಷಯಕ್ಕೆ ಐದು ಆಕರ ಕೇಳಿಸಿ, ಒಂದೊಂದನ್ನೂ ಒಪ್ಯಾಕ್‌ನಲ್ಲೋ ಸ್ಕಾಲರ್‌ನಲ್ಲೋ ಹುಡುಕಿಸಿ. ಇಲ್ಲದ ಪುಸ್ತಕಕ್ಕೆ ನಿಜವಾದ ಲೇಖಕರ ಹೆಸರು ಅಂಟಿಕೊಂಡು ಬರುವುದನ್ನು ಒಮ್ಮೆ ಕಂಡವರಿಗೆ ಬೇರೆ ಉಪದೇಶ ಬೇಡ. ಕನ್ನಡದ ಪ್ರಾದೇಶಿಕ ವಿಷಯಗಳಲ್ಲಿ ಇದು ಬೇಗ ಬಯಲಾಗುತ್ತದೆ.

ಹಂತ 7: ಉಲ್ಲೇಖ, ಕೃತಿಚೌರ್ಯ

ಉಲ್ಲೇಖಗಳನ್ನು ಜೋಡಿಸಿಕೊಡುವ ಝೊಟೆರೊ ಎಂಬ ಸಾಫ್ಟ್‌ವೇರ್ ಉಚಿತ, ಚೆನ್ನಾಗಿದೆ, ಆದರೆ ನಮ್ಮ ಹೆಸರುಗಳ ಮುಂದೆ ಎಡವುತ್ತದೆ. ಕಯ್ಯಾರ ಕಿಞ್ಞಣ್ಣ ರೈ ಎಂದು ಕೊಟ್ಟರೆ 'ರೈ'ಯನ್ನು ಮನೆತನದ ಹೆಸರೆಂದು ಮುಂದೆ ತಂದು 'ರೈ, ಕಯ್ಯಾರ ಕಿಞ್ಞಣ್ಣ' ಎಂದು ಮಾಡುತ್ತದೆ. ಕನ್ನಡ ಪಟ್ಟಿಯಲ್ಲಿ ಅವರನ್ನು 'ರ'ದಲ್ಲಿ ಯಾರೂ ಹುಡುಕುವುದಿಲ್ಲ. ಲೇಖಕರ ಪೆಟ್ಟಿಗೆಯ ಪಕ್ಕದ ಗುಂಡಿಯಿಂದ ಎರಡು ಭಾಗದ ಹೆಸರನ್ನು ಒಂದೇ ಭಾಗಕ್ಕೆ ಬದಲಿಸಿದರೆ ಹೆಸರು ಹಾಗೇ ಉಳಿಯುತ್ತದೆ. ವಿಭಾಗವು ಯಾವ ಕ್ರಮ ಬೇಕೆಂದು ಒಂದೇ ತೀರ್ಮಾನ ಮಾಡಿ ಎರಡು ಪುಟದ ಮಾದರಿ ಕೊಡಲಿ. ಒಬ್ಬ ಟೀಚರ್ ಒಂದು ಕ್ರಮ, ಇನ್ನೊಬ್ಬರು ಇನ್ನೊಂದು ಎಂದರೆ ಮಕ್ಕಳು ಎರಡನ್ನೂ ಕಲಿಯುವುದಿಲ್ಲ.

ಯುಜಿಸಿಯ 2018ರ ನಿಯಮದಂತೆ ಪ್ರಬಂಧದಲ್ಲಿ ಸಾಮ್ಯ ಶೇ. 10ರವರೆಗೆ ದಂಡವಿಲ್ಲ. 10ರಿಂದ 40ರವರೆಗೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, 40ರಿಂದ 60ರವರೆಗೆ ಒಂದು ವರ್ಷ ಸಲ್ಲಿಸುವಂತಿಲ್ಲ, ಅದಕ್ಕೂ ಮೇಲೆ ನೋಂದಣಿ ರದ್ದು. ಈ ಅಂಕಿಗಳನ್ನು ಹೇಳುವಾಗ ಜೊತೆಗೆ ಇನ್ನೊಂದನ್ನೂ ಹೇಳಿ: ಸ್ಕ್ಯಾನ್ ಆದ ಅಥವಾ ನುಡಿ ಫಾಂಟಿನ ಕನ್ನಡ ಪುಸ್ತಕದಿಂದ ಪ್ರತಿ ಮಾಡಿದ್ದನ್ನು ಸಾಫ್ಟ್‌ವೇರ್ ಹಿಡಿಯದಿರಬಹುದು. ಶೇ. 4 ಬಂದರೆ ಪ್ರಾಮಾಣಿಕ ಎಂದಲ್ಲ. ಹಿಡಿಯಬೇಕಾದವರು ಪುಸ್ತಕ ಓದಿರುವ ಅಧ್ಯಾಪಕರೇ. ಮಲಯಾಳದಿಂದ ಕನ್ನಡಕ್ಕೆ ಅನುವಾದಿಸಿ ಹೆಸರು ಹೇಳದೆ ಬಿಡುವುದೂ ಚೌರ್ಯವೇ ಎಂದು ಗಡಿಯ ಕಾಲೇಜುಗಳಲ್ಲಿ ಬಿಡಿಸಿ ಹೇಳಬೇಕಾಗುತ್ತದೆ.

ಹಂತ 8: ಮಾರ್ಕು ಹಂಚುವುದು

ಇಂಟರ್ನಲ್‌ನಲ್ಲಿ 20 ಮಾರ್ಕಿನ ಅಸೈನ್‌ಮೆಂಟ್ ಆದರೆ: ಪದಪಟ್ಟಿ 3, ಹುಡುಕಾಟದ ದಿನಚರಿ 4, ಪ್ರತಿ ಆಕರವನ್ನು ಏಕೆ ಆರಿಸಿದೆ ಎಂಬ ಎರಡೆರಡು ವಾಕ್ಯ 5, ಬರಹ 6, ಉಲ್ಲೇಖದ ಶುದ್ಧತೆ 2. ಮೊದಲ ಎರಡನ್ನು ಗ್ರಂಥಪಾಲರು ನೋಡಿ ಸಂಖ್ಯೆ ಕೊಡಲಿ, ಸಹಿ ಮತ್ತು ಜವಾಬ್ದಾರಿ ಕೋರ್ಸಿನ ಅಧ್ಯಾಪಕರದ್ದು. ಉಲ್ಲೇಖಕ್ಕೆ ಹೆಚ್ಚು ಮಾರ್ಕು ಇಟ್ಟರೆ ಮಕ್ಕಳು ಅಲ್ಪವಿರಾಮಗಳಿಗೆ ಹೆದರುತ್ತ ಕೂರುತ್ತಾರೆ. ಪದಪಟ್ಟಿ ಮತ್ತು ದಿನಚರಿಯನ್ನು ಬರಹಕ್ಕಿಂತ ಮೂರು ವಾರ ಮೊದಲೇ ಪಡೆದು, ತಿದ್ದಿ ಹಿಂದಿರುಗಿಸಿ.

ಕೆಡುವುದು ಎಲ್ಲಿ

ಅತಿ ಹೆಚ್ಚು ಕೆಡುವುದು ಅಧ್ಯಾಪಕರು ಗ್ರಂಥಾಲಯದ ಅವಧಿಯಲ್ಲಿ ಇಲ್ಲದಿದ್ದಾಗ. ಆ ಗಂಟೆಯಲ್ಲಿ ಪೇಪರ್ ತಿದ್ದೋಣ ಎಂದು ಸ್ಟಾಫ್ ರೂಮಿಗೆ ಹೋದರೆ ಇದು ಫ್ರೀ ಪೀರಿಯಡ್ ಎಂದು ಮಕ್ಕಳಿಗೆ ಅರ್ಥವಾಗುತ್ತದೆ. ಜೊತೆಗೆ ಕೂತು 'ಈ ಪುಸ್ತಕದ ಮೂರನೇ ಅಧ್ಯಾಯ ಹಳತಾಯಿತು' ಎಂಬಂತಹ ಮಾತು ಆಡಬಲ್ಲವರು ಅವರೊಬ್ಬರೇ. ಇನ್ನೊಂದು, ವಿಷಯ ಸಿಗುವ ಮೊದಲೇ ಅವಧಿ ನಡೆಸುವುದು. ಹುಡುಕಲು ಏನೂ ಇಲ್ಲದವರಿಗೆ ಹುಡುಕುವುದನ್ನು ಕಲಿಸಲಾಗದು. ಜೂನ್, ಜುಲೈಯ ಮಳೆಯಲ್ಲಿ ಕರೆಂಟು, ನೆಟ್ಟು ಹೋಗುವುದು ಇಲ್ಲಿ ಹೊಸತಲ್ಲ, ಆದ್ದರಿಂದ ಎರಡನೇ ಅವಧಿಯ ಸ್ಕ್ರೀನ್‌ಶಾಟುಗಳನ್ನು ಮುದ್ರಿಸಿ ಇಟ್ಟಿರಿ. ಪದಪಟ್ಟಿಯ ಅವಧಿಗೆ ಕಾಗದ ಪೆನ್ನು ಸಾಕು.

ಸೆಮಿಸ್ಟರ್ ಮುಗಿದ ಮೇಲೆ

ಮಕ್ಕಳ ಪದಪಟ್ಟಿಗಳನ್ನು ಗುಜರಿಗೆ ಹಾಕಬೇಡಿ. ಗ್ರಂಥಾಲಯದಲ್ಲಿ ಕೋಹಾ ಎಂಬ ಗ್ರಂಥಾಲಯ ಸಾಫ್ಟ್‌ವೇರ್ ಇದ್ದರೆ ಅದರ ಅಥಾರಿಟಿ ದಾಖಲೆಗಳಲ್ಲಿ (ಹೆಸರುಗಳ ಒಪ್ಪಿತ ಮತ್ತು ಪರ್ಯಾಯ ರೂಪ ಇಡುವ ದಾಖಲೆ) ಸ್ಥಳನಾಮಕ್ಕೆ ಒಂದು ರೂಪವನ್ನು ಮುಖ್ಯವಾಗಿಟ್ಟು (ಕ್ಷೇತ್ರ 151), ಉಳಿದ ರೂಪಗಳನ್ನು 451ರಲ್ಲಿ ಸೇರಿಸಿ: ಕಾಞಂಗಾಡಿಗೆ ಹೊಸದುರ್ಗ, ಕುಂಬಳೆಗೆ ಕುಂಬ್ಳ, ಹೀಗೆ ಮೂರು ಲಿಪಿಗಳಲ್ಲೂ. ಪುಸ್ತಕಗಳ ವಿಷಯ ಶೀರ್ಷಿಕೆಯನ್ನು ಆ ದಾಖಲೆಗೆ ಜೋಡಿಸಿ, ಹುಡುಕಾಟದಲ್ಲಿ ಪರ್ಯಾಯ ರೂಪಗಳನ್ನು ಸೇರಿಸುವ ಸೆಟ್ಟಿಂಗ್ ಆನ್ ಮಾಡಿ ಮರು-ಇಂಡೆಕ್ಸ್ ಮಾಡಿಸಿ. ಮರು-ಇಂಡೆಕ್ಸ್ ಮರೆತರೆ ಏನೂ ಬದಲಾಗಿರುವುದಿಲ್ಲ, ಇಷ್ಟೆಲ್ಲ ಮಾಡಿದ್ದು ದಂಡವಾಯಿತೆಂದು ಅನಿಸುತ್ತದೆ. ಒಂದು ತರಗತಿಯ ಪಟ್ಟಿಯಲ್ಲಿ ನೂರಾರು ರೂಪ ಸಿಕ್ಕರೂ ಎಲ್ಲವನ್ನೂ ತುಂಬಬೇಡಿ. ಅಧ್ಯಾಪಕರು ಒಮ್ಮೆ ನೋಡಿ ಸರಿ ಎಂದವನ್ನು ಮಾತ್ರ ಹಾಕಿ, ಯಾವ ದಾಖಲೆಯಲ್ಲಿ ಆ ರೂಪ ಕಂಡಿತು ಎಂಬುದನ್ನು 670ರಲ್ಲಿ ಬರೆಯಿರಿ.